ದಿವಾನರ ಲೆಕ್ಕಕ್ಕೆ ಸೇರದ ಋಣ: ಮುದ್ದೇನಹಳ್ಳಿಯ ತಾಯಿ ಮತ್ತು ಸರ್ ಎಂ. ವಿಶ್ವೇಶ್ವರಯ್ಯ

ಚಿಕ್ಕಬಳ್ಳಾಪುರ: ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಹೂಮಾಲೆಗಳಿಗೆ ಕೊರತೆಯಿರುವುದಿಲ್ಲ. ಸಚಿವರು, ಅಧಿಕಾರಿಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಸಮಾಧಿಗೆ ನಮಿಸಿ ಹಿಂದಿರುಗುತ್ತಾರೆ. ಭಾಷಣಗಳಲ್ಲಿ ಕನ್ನಂಬಾಡಿ ಕಟ್ಟೆ ಬರುತ್ತದೆ, ಮೈಸೂರು ವಿಶ್ವವಿದ್ಯಾಲಯ ಬರುತ್ತದೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬರುತ್ತದೆ. ಬಾರದೆ ಉಳಿಯುವ ಹೆಸರೊಂದಿದೆ. ಅದು ವೆಂಕಟಲಕ್ಷ್ಮಮ್ಮನವರದು. ಮನೆಮಂದಿಗೆ ವೆಂಕಾಚಮ್ಮ ಆಗಿದ್ದ ಈ ತಾಯಿಯ ಬಗ್ಗೆ ಜೀವನಚರಿತ್ರೆಗಳಲ್ಲಿ ಸಿಗುವುದು ಕೆಲವೇ ಸಾಲು. ಆದರೆ ಆ ಕೆಲವು ಸಾಲುಗಳ ಹಿಂದಿನ ಕಾಲವನ್ನು ಅರಿತವರಿಗೆ, ಮಗನ ಬದುಕಿನ ಅನೇಕ ಕಠಿಣ ನಿರ್ಧಾರಗಳು ಬೇರೆಯದೇ ಬೆಳಕಿನಲ್ಲಿ ಕಾಣತೊಡಗುತ್ತವೆ.

ವಿಶ್ವೇಶ್ವರಯ್ಯನವರು ಲೆಕ್ಕದ ಮನುಷ್ಯ. ಸಮಯ, ಹಣ, ನೀರು, ಮಾತು ಎಲ್ಲಕ್ಕೂ ಅವರಲ್ಲಿ ಅಳತೆಯಿತ್ತು. ಸರ್ಕಾರಿ ಕೆಲಸಕ್ಕೆ ಒಂದು ದೀಪ, ಸ್ವಂತ ಓದಿಗೆ ಮತ್ತೊಂದು ದೀಪ ಹಚ್ಚುತ್ತಿದ್ದರೆಂಬ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಅಂಥವರ ಬದುಕಿನಲ್ಲಿ ಲೆಕ್ಕಕ್ಕೆ ಬಾರದ ಋಣವೊಂದಿತ್ತು.

ನೀರು ಹುಟ್ಟುವ ನೆಲ, ನೀರಿಲ್ಲದ ಊರು

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಆಯುರ್ವೇದ ಬಲ್ಲವರು. ಪೂರ್ವಿಕರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಗ್ರಾಮದಿಂದ ವಲಸೆ ಬಂದವರಾದ್ದರಿಂದ ಊರಿನ ಹೆಸರು ಮನೆತನದ ಹೆಸರಾಗಿ ಉಳಿಯಿತು. ವಿದ್ಯೆಗೆ ಹೆಸರಾದ ಮನೆ, ಆದರೆ ಸಿರಿವಂತಿಕೆಯ ಮನೆಯಲ್ಲ.

ನಂದಿಬೆಟ್ಟದ ಆಸುಪಾಸಿನಲ್ಲಿ ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ನದಿಗಳು ಹುಟ್ಟುತ್ತವೆ. ಹುಟ್ಟಿದ ನದಿಗಳು ಬೇರೆ ಸೀಮೆಗೆ ಹರಿದುಹೋಗುತ್ತವೆ. ಈ ಭಾಗದ ಜನ ನಂಬಿದ್ದು ಕೆರೆಗಳನ್ನು, ಕೆರೆಗಳು ನಂಬಿದ್ದು ಮಳೆಯನ್ನು. ಒಂದೆರಡು ವರ್ಷ ಮಳೆ ಕೈಕೊಟ್ಟರೆ ಊರುಗಳು ಬರಿದಾಗುತ್ತಿದ್ದವು. ಈ ಮಾತು ವೆಂಕಟಲಕ್ಷ್ಮಮ್ಮನವರ ಕಥೆಗೆ ಬಹಳ ಮುಖ್ಯ. ಏಕೆಂದರೆ ಅವರು ಮಗನ ಓದಿನ ಹೊಣೆ ಹೊತ್ತ ವರ್ಷಗಳ ನಡುವೆಯೇ ಅಂಥ ಕಾಲ ಬಂದೊದಗಿತು.

ಬಾಲಕ ವಿಶ್ವೇಶ್ವರಯ್ಯ ಮೊದಲ ಪಾಠ ಕಲಿತದ್ದು ಚಿಕ್ಕಬಳ್ಳಾಪುರದಲ್ಲಿ. ಹೈಸ್ಕೂಲು ಮುಗಿಸುವ ಮೊದಲೇ ತಂದೆ ತೀರಿಕೊಂಡರು. ಮನೆಯ ಭಾರವೆಲ್ಲ ತಾಯಿಯ ಹೆಗಲಿಗೆ ಬಿತ್ತು.

ವಿಧವೆಯೊಬ್ಬಳ ಆಯ್ಕೆ

1870ರ ದಶಕದಲ್ಲಿ ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬದ ವಿಧವೆಯ ಸ್ಥಿತಿ ಎಂಥದಿತ್ತು ಎಂಬುದನ್ನು ಇಂದಿನ ಓದುಗರು ಊಹಿಸುವುದು ಕಷ್ಟ. ಗಂಡನ ಆಸ್ತಿಯಲ್ಲಿ ಆಕೆಗೆ ಜೀವನಾಂಶದ ಆಚೆಗೆ ಹೇಳಿಕೊಳ್ಳುವಂಥ ಹಕ್ಕಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳಿಗೆ ಸಂಬಂಧಿಸಿದ ಕಾಯಿದೆ ಬಂದದ್ದೇ 1933ರಲ್ಲಿ. ಹೊರಗೆ ದುಡಿಯುವ ದಾರಿಯಿರಲಿಲ್ಲ. ಮಂಗಳ ಕಾರ್ಯಗಳಲ್ಲಿ ಜಾಗವಿರಲಿಲ್ಲ. ಕೈಯಲ್ಲಿ ಕಾಸಿಲ್ಲದ, ಮಾತಿಗೆ ಬೆಲೆಯಿಲ್ಲದ ಸ್ಥಿತಿಯಲ್ಲಿ ಮಕ್ಕಳನ್ನು ಸಾಕುವುದೆಂದರೆ ತವರಿನ ಬಾಗಿಲಲ್ಲಿ ನಿಲ್ಲುವುದೆಂದೇ ಅರ್ಥ.

ಇಂಥ ಮನೆಗಳ ಹುಡುಗರಿಗೆ ತೆರೆದಿದ್ದ ಸುಲಭದ ಹಾದಿಗಳು ಕೆಲವಿದ್ದವು. ತಂದೆಯ ಸಂಸ್ಕೃತವನ್ನೂ ವೈದ್ಯವನ್ನೂ ಕೊಂಚ ಕಲಿತು ಊರಲ್ಲೇ ಉಳಿಯಬಹುದಿತ್ತು. ಪೌರೋಹಿತ್ಯ ಹಿಡಿಯಬಹುದಿತ್ತು. ಅಕ್ಷರ ಬಲ್ಲವನಾದ್ದರಿಂದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ತಿಂಗಳಿಗಿಷ್ಟು ತರಬಹುದಿತ್ತು. ಯಾವುದನ್ನು ಆರಿಸಿಕೊಂಡಿದ್ದರೂ ತಾಯಿಗೆ ಕೂಡಲೇ ಆಸರೆಯಾಗುತ್ತಿತ್ತು. ಗಂಡುಮಗ ಕಣ್ಣೆದುರಿಗಿರುತ್ತಿದ್ದ.

ವೆಂಕಟಲಕ್ಷ್ಮಮ್ಮನವರು ಆ ಹಾದಿಗಳಲ್ಲಿ ಒಂದನ್ನೂ ಹಿಡಿಯಲಿಲ್ಲ. ಬೆಂಗಳೂರಿನಲ್ಲಿದ್ದ ಸೋದರ ಎಚ್. ರಾಮಯ್ಯನವರ ನೆರವು ಪಡೆದು, ಮಗನ ಓದು ನಿಲ್ಲದಂತೆ ನೋಡಿಕೊಂಡರು. ಮಡಿ-ಆಚಾರದ ಮನೆಯ ಹುಡುಗ ಸೇರಿದ್ದು ಕ್ರೈಸ್ತ ಪಾದ್ರಿಗಳು ನಡೆಸುತ್ತಿದ್ದ ವೆಸ್ಲಿಯನ್ ಮಿಷನ್ ಹೈಸ್ಕೂಲನ್ನು. ಆ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿಗೆ ಚಿಕ್ಕಬಳ್ಳಾಪುರದಿಂದ ಆಗ ರೈಲಿರಲಿಲ್ಲ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಕಿರುಹಳಿಯ ರೈಲು ಬಂದದ್ದು 1915ರಲ್ಲಿ, ಅಂದು ಓದಲು ಹೊರಟಿದ್ದ ಹುಡುಗನೇ ಸಂಸ್ಥಾನದ ದಿವಾನರಾಗಿದ್ದಾಗ.

ಹಸಿವಿನ ವರ್ಷಗಳು

ಹುಡುಗ ಬೆಂಗಳೂರಿನಲ್ಲಿ ಓದುತ್ತಿದ್ದಾಗಲೇ 1876-78ರ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಆವರಿಸಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅಂದು ಮುದ್ದೇನಹಳ್ಳಿ ಸೇರಿದ್ದ ಕೋಲಾರ ಜಿಲ್ಲೆಯೂ ತೀವ್ರವಾಗಿ ನಲುಗಿತು. ಕೆರೆಗಳು ಒಣಗಿದವು, ದನಕರುಗಳು ಸತ್ತವು, ಗಂಜಿ ಕೇಂದ್ರಗಳ ದಾರಿಯಲ್ಲೇ ಜನ ಕುಸಿದರು. ಧಾನ್ಯದ ಬೆಲೆ ಅನುಕೂಲಸ್ಥರಿಗೂ ನಿಲುಕದ ಎತ್ತರಕ್ಕೇರಿತ್ತು.

ಇಂಥ ಕಾಲದಲ್ಲಿ ಒಂದು ತುತ್ತನ್ನು ಉಳಿಸಿ ಪುಸ್ತಕಕ್ಕೆ ಕೊಡುವುದೆಂದರೆ ಏನು? ಗಳಿಸಬಲ್ಲ ವಯಸ್ಸಿನ ಮಗನನ್ನು ಗಳಿಕೆಗೆ ಹಚ್ಚದೆ ತರಗತಿಯಲ್ಲಿ ಉಳಿಸುವುದೆಂದರೆ ಏನು? ಆ ಮನೆಯ ಖರ್ಚುವೆಚ್ಚದ ಪುಸ್ತಕ ನಮಗೆ ಸಿಕ್ಕಿಲ್ಲ. ಆದರೆ ಸಂಸ್ಥಾನ ಸುಮಾರು ಆರನೇ ಒಂದು ಭಾಗದಷ್ಟು ಜನರನ್ನು ಕಳೆದುಕೊಂಡ ದಶಕದಲ್ಲಿ ವಿಧವೆಯೊಬ್ಬಳ ಮಗ ಶಾಲೆ ಬಿಡಲಿಲ್ಲ ಎಂಬುದೊಂದೇ ಸಾಕು, ಅದರ ಹಿಂದೆ ಯಾರದೋ ಹೊಟ್ಟೆ ಕಟ್ಟಿತ್ತು ಎಂದು ತಿಳಿಯಲು.

ಸೆಂಟ್ರಲ್ ಕಾಲೇಜು ಸೇರಿದ ಮೇಲೂ ಅನುಕೂಲವೇನೂ ಹೆಚ್ಚಲಿಲ್ಲ. ಕೊಡಗು ಮೂಲದ ಮುದ್ದಯ್ಯನವರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ಅಲ್ಲಿ ವಸತಿ ಪಡೆದರು. ಊಟಕ್ಕೆ ಸೋದರಮಾವನ ಮನೆಗೆ ನಡೆದುಹೋಗುತ್ತಿದ್ದರು. ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಈ ಶಿಷ್ಯನ ಗಣಿತದ ಬುದ್ಧಿಯನ್ನು ಗುರುತಿಸಿ ಬೆನ್ನು ತಟ್ಟಿದರು, ತಮ್ಮ ನಿಘಂಟನ್ನು ಮೆಚ್ಚುಗೆಯಾಗಿ ಕೊಟ್ಟರು. 1881ರಲ್ಲಿ ಬಿ.ಎ. ಪದವಿ ದೊರೆಯಿತು. ಅದೇ ವರ್ಷ ಮೈಸೂರು ಸಂಸ್ಥಾನ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿ, ರಂಗಾಚಾರ್ಲು ದಿವಾನರಾಗಿದ್ದರು. ಅವರ ಆಡಳಿತ ನೀಡಿದ ವಿದ್ಯಾರ್ಥಿವೇತನ ಹಿಡಿದು ಯುವಕ ಪುಣೆಯ ವಿಜ್ಞಾನ ಕಾಲೇಜಿಗೆ ಹೊರಟ.

ಅಂದರೆ ತಾಯಿಯಿಂದ ಇನ್ನೂ ದೂರಕ್ಕೆ.

ಕಾಲು ಶತಮಾನದ ಪರಊರು

1883ರಲ್ಲಿ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ ಜೇಮ್ಸ್ ಬರ್ಕ್ಲಿ ಬಹುಮಾನ ಪಡೆದರು. 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ಸಿಕ್ಕಿತು. ನಾಸಿಕ್, ಖಾನ್‌ದೇಶ, ಪುಣೆ ಎಂದು ಸೇವೆ ಸಾಗಿತು. ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರು ಒದಗಿಸಿದರು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದರು. 1906ರಲ್ಲಿ ಏಡನ್ ಬಂದರಿನ ನೀರು ಮತ್ತು ಒಳಚರಂಡಿ ವ್ಯವಸ್ಥೆಯ ಬಗ್ಗೆ ವರದಿ ನೀಡಿದರು. 1908ರಲ್ಲಿ ಮುಂಬೈ ಸೇವೆಯಿಂದ ನಿವೃತ್ತರಾದರು. ಅದೇ ವರ್ಷ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಮುಳುಗಿದಾಗ, ಪ್ರವಾಹ ತಡೆಯ ಯೋಜನೆಗೆ ನಿಜಾಮರ ಸರ್ಕಾರ ಕರೆಸಿಕೊಂಡದ್ದು ಅವರನ್ನೇ.

ಸಂಬಳದ ಚಿಂತೆ ಇಲ್ಲದಾಯಿತು. ಮನೆಗೆ ಹಣ ಬರುವಂತಾಯಿತು. ಆದರೆ ಸಂಸಾರದ ನೆಮ್ಮದಿ ಅವರ ಪಾಲಿಗೆ ಉಳಿಯಲಿಲ್ಲ. ದಾಂಪತ್ಯ ದೀರ್ಘಕಾಲ ನಡೆಯಲಿಲ್ಲ, ಮಕ್ಕಳಾಗಲಿಲ್ಲ. ಹೆಚ್ಚು ಕಡಿಮೆ 25 ವರ್ಷ ಮೈಸೂರಿನ ಹೊರಗೆ ಕಳೆದುವು. ಹಳ್ಳಿಯ ತಾಯಿಯ ಮಟ್ಟಿಗೆ ಮಗನ ಬಡ್ತಿಯೆಂದರೆ ಮತ್ತೊಂದು ದೂರದ ಊರಿನ ಹೆಸರು. ಮಕ್ಕಳನ್ನು ಓದಿಸಿದ ತಂದೆತಾಯಿಗಳ ಎರಡನೆಯ ತ್ಯಾಗ ಇದೇ ಅಲ್ಲವೇ? ಮೊದಲು ಓದಿಗಾಗಿ ಕೈಯಲ್ಲಿದ್ದುದನ್ನು ಕೊಡುತ್ತಾರೆ. ಓದು ಫಲಿಸಿದ ಮೇಲೆ ಮಗನನ್ನೇ ಬಿಟ್ಟುಕೊಡುತ್ತಾರೆ.

1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ತವರು ನಾಡಿಗೆ ಮರಳಿದರು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಮೊದಲಾಯಿತು. ಮಳೆ ಕೈಕೊಟ್ಟರೂ ಮಂಡ್ಯದ ಬಯಲು ಒಣಗಬಾರದು ಎಂಬುದು ಆ ಕಟ್ಟೆಯ ಉದ್ದೇಶಗಳಲ್ಲೊಂದು. ಕ್ಷಾಮದ ವರ್ಷಗಳಲ್ಲಿ ಶಾಲೆಗೆ ಹೋದ ಹುಡುಗನೊಬ್ಬ ಐವತ್ತನೆಯ ವಯಸ್ಸಿನಲ್ಲಿ ನೀರು ನಿಲ್ಲಿಸಲು ಹೊರಟಿದ್ದ.

ತಾಯಿಯ ಬಳಿ ಎರಡನೆಯ ಬೇಡಿಕೆ

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಿವಾನ ಪದವಿಯನ್ನು ಮುಂದಿಟ್ಟರು. ಆ ಸಂದರ್ಭದ ಪ್ರಸಂಗವೊಂದು ನಾಡಿನಾದ್ಯಂತ ಜನಜನಿತವಾಗಿದೆ. ಪದವಿಯನ್ನು ಒಪ್ಪುವ ಮುನ್ನ ವಿಶ್ವೇಶ್ವರಯ್ಯನವರು ತಾಯಿಯನ್ನೂ ಬಂಧುಗಳನ್ನೂ ಕೂರಿಸಿಕೊಂಡು ಒಂದು ಷರತ್ತು ಹಾಕಿದರಂತೆ. ತಮ್ಮ ಬಳಿಗೆ ಯಾರೂ ನೌಕರಿ, ಗುತ್ತಿಗೆ, ಶಿಫಾರಸು ಎಂದು ಬರಬಾರದು. ಬರುವುದಾದರೆ ತಮಗೆ ಈ ಪದವಿಯೇ ಬೇಡ. ಎಲ್ಲರೂ ಒಪ್ಪಿದ ಮೇಲೆಯೇ ಅವರು ಅಧಿಕಾರ ವಹಿಸಿಕೊಂಡರು ಎಂಬುದು ಕಥೆ.

ಈ ಪ್ರಸಂಗವನ್ನು ಎಲ್ಲರೂ ಮಗನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಹೇಳುತ್ತಾರೆ. ಅದು ಸರಿ. ಆದರೆ ಅದೇ ಕಥೆಯನ್ನು ತಾಯಿಯ ಕಡೆಯಿಂದ ನೋಡಿದವರು ಕಡಿಮೆ.

ಯಾರ ನೆರವಿನಿಂದ ಈ ಹುಡುಗ ಓದಿದ್ದ? ತವರಿನವರು ಆಶ್ರಯ ಕೊಟ್ಟಿದ್ದರು, ಅನ್ನ ಹಾಕಿದ್ದರು. ಬಂಧುಗಳ ಋಣ ತಾಯಿಯ ತಲೆಯ ಮೇಲಿತ್ತು. ವಿಧವೆಯಾಗಿ ಸೆರಗೊಡ್ಡಿ ಪಡೆದ ನೆರವನ್ನು ಒಂದಲ್ಲ ಒಂದು ದಿನ ತೀರಿಸಬೇಕೆಂಬುದು ಆ ಕಾಲದ ಯಾವುದೇ ಗೃಹಿಣಿಯ ಸಹಜ ಆಸೆ. ಮಗ ಸಂಸ್ಥಾನದ ಅತ್ಯುನ್ನತ ಪದವಿಗೇರಿದ ಗಳಿಗೆ ಅದಕ್ಕೆ ತಕ್ಕ ಗಳಿಗೆಯಾಗಿತ್ತು. ಅಣ್ಣತಮ್ಮಂದಿರ ಮಕ್ಕಳಿಗೆ, ನೆಂಟರಿಷ್ಟರಿಗೆ ಒಂದು ಮಾತು ಹೇಳಿಸಿದ್ದರೆ ಸಾಕಾಗಿತ್ತು. ಅಂದಿನ ಸಮಾಜ ಅದನ್ನು ತಪ್ಪೆಂದು ಎಣಿಸುತ್ತಲೂ ಇರಲಿಲ್ಲ.

ಆ ಗಳಿಗೆಯಲ್ಲೇ ಮಗ ಆ ಬಾಗಿಲನ್ನು ಮುಚ್ಚಿದರು. ತಾಯಿ ಒಪ್ಪಿದರು ಎನ್ನುತ್ತದೆ ಕಥೆ. ಮಗ ಪ್ರಾಮಾಣಿಕನೆನಿಸಿಕೊಳ್ಳಲು ತಾಯಿ ತನ್ನ ಬಂಧುಬಳಗದ ಮುಂದೆ ಕೃತಘ್ನಳೆನಿಸಿಕೊಳ್ಳುವ ಅಪಾಯವನ್ನು ಹೊತ್ತರು ಎಂದೇ ಇದರ ಅರ್ಥ. ದಿವಾನರ ನಿಷ್ಪಕ್ಷಪಾತಕ್ಕೆ ಸಂಸ್ಥಾನ ತಲೆದೂಗಿತು. ಅದರ ಬೆಲೆಯ ಒಂದು ಪಾಲನ್ನು ತೆತ್ತದ್ದು ಮನೆಯೊಳಗಿದ್ದ ತಾಯಿ.

ಊರೆಲ್ಲರ ಮಕ್ಕಳಿಗೆ ಸಂದದ್ದು

ಹಾಗಾದರೆ ಮಗ ತಾಯಿಯ ತ್ಯಾಗವನ್ನು ಮರೆತರೇ? ಅವರ ಆರು ವರ್ಷಗಳ ದಿವಾನಗಿರಿಯ ಕೆಲಸಗಳು ಬೇರೆಯದೇ ಉತ್ತರ ಕೊಡುತ್ತವೆ. 1913ರಲ್ಲಿ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಜಾರಿಗೆ ಬಂದು, ಆಯ್ದ ಕಡೆಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿಯಾಯಿತು. ಅವರು ಅಧಿಕಾರ ವಹಿಸಿಕೊಂಡಾಗ ಇದ್ದ ಶಾಲೆಗಳ ಸಂಖ್ಯೆ ಬಿಡುವ ವೇಳೆಗೆ ಎರಡು ಪಟ್ಟಿಗೂ ಹೆಚ್ಚಾಗಿತ್ತು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿಕೊಂಡವು. ಪದವಿಗಾಗಿ ಮದರಾಸು ವಿಶ್ವವಿದ್ಯಾಲಯವನ್ನು ಅವಲಂಬಿಸಬೇಕಾಗಿದ್ದ ನಾಡಿಗೆ ತನ್ನದೇ ವಿಶ್ವವಿದ್ಯಾಲಯ ದೊರೆಯಿತು.

ತಾಯಿಯ ಬಂಧುಗಳಿಗೆ ಕೊಡದುದನ್ನು ಅವರು ಹೆಸರು ಗೊತ್ತಿಲ್ಲದ ತಾಯಂದಿರ ಮಕ್ಕಳಿಗೆ ಕೊಟ್ಟರು. ಸರ್ಕಾರದ ಶಾಲೆ ಊರಿಗೇ ಬಂದರೆ ಬಡ ತಾಯಿಯೊಬ್ಬಳು ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಇದು ಅವರು ಬಾಯಿಬಿಟ್ಟು ಹೇಳಿದ ಮಾತಲ್ಲ, ಅವರ ಆಡಳಿತದ ಆಯವ್ಯಯ ಹೇಳುವ ಮಾತು.

ಇದೇ ವಿಷಯದಲ್ಲಿ ಅವರ ಬದುಕಿನ ವಿವಾದಾಸ್ಪದ ಅಧ್ಯಾಯವೂ ಇದೆ. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪ್ರಾತಿನಿಧ್ಯ ನೀಡುವ ಕುರಿತು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಸಮಿತಿ ರಚನೆಯಾಯಿತು. ನೇಮಕಕ್ಕೆ ಅರ್ಹತೆಯೊಂದೇ ಮಾನದಂಡವಾಗಬೇಕು, ಹಿಂದುಳಿದವರಿಗೆ ಶಿಕ್ಷಣ ಮತ್ತು ವಿದ್ಯಾರ್ಥಿವೇತನ ಕೊಡಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಮಹಾರಾಜರ ಅಭಿಪ್ರಾಯ ಬೇರೆಯಿತ್ತು. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು.

ಆ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ವಿಶ್ವೇಶ್ವರಯ್ಯನವರ ಬದುಕನ್ನೇ ಮುಂದಿಟ್ಟುಕೊಂಡು ನೋಡಿದರೆ, ಅರ್ಹತೆ ಎಂಬುದು ಒಬ್ಬನ ಸ್ವಂತ ಗಳಿಕೆ ಮಾತ್ರವೇ ಎಂಬ ಪ್ರಶ್ನೆ ಏಳುತ್ತದೆ. ಅವರ ಪ್ರತಿಭೆ, ಶ್ರಮ ಪ್ರಶ್ನಾತೀತ. ಜತೆಗೆ ಅವರಿಗೆ ಅಕ್ಷರದ ಬೆಲೆ ಬಲ್ಲ ತಾಯಿಯಿದ್ದರು, ಬೆಂಗಳೂರಿನಲ್ಲಿ ಊಟ ಹಾಕುವ ಸೋದರಮಾವನ ಮನೆಯಿತ್ತು, ಹುದ್ದೆಯಲ್ಲಿದ್ದವರ ಪರಿಚಯ ದೊರಕಿಸುವ ವಾತಾವರಣವಿತ್ತು. ಅದೇ ಕ್ಷಾಮದಲ್ಲಿ ಅಷ್ಟೇ ಬುದ್ಧಿವಂತ ಮಗನನ್ನು ಹೆತ್ತ ಕೂಲಿಕಾರ ತಾಯಿಗೆ ಇವು ಒಂದೂ ಇರಲಿಲ್ಲ. ಹೆತ್ತವರ ತ್ಯಾಗವನ್ನು ಪೂರ್ತಿಯಾಗಿ ಅರಿಯುವುದೆಂದರೆ, ತ್ಯಾಗ ಮಾಡಲೂ ಕೈಯಲ್ಲಿ ಏನಾದರೂ ಇರಬೇಕಾಗುತ್ತದೆ ಎಂಬುದನ್ನೂ ಅರಿಯುವುದು.

ಹೆಸರು ಬೇಡವೆಂದ ಕೊಡುಗೆ

ದಿವಾನಗಿರಿಯ ನಂತರವೂ ಅವರು ಸುಮ್ಮನೆ ಕುಳಿತವರಲ್ಲ. ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು 1923ರಿಂದ 1929ರವರೆಗೆ ವಹಿಸಿಕೊಂಡು ಅದನ್ನು ಹಳಿಗೆ ತಂದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತಮಗಾಗಿ ಇಟ್ಟುಕೊಳ್ಳದೆ, ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯ ಸ್ಥಾಪನೆಗೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು, ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದರು. ಎಸ್‌ಜೆಪಿ ಎಂದೇ ಪರಿಚಿತವಾದ ಆ ಸಂಸ್ಥೆಯಲ್ಲಿ ಕಲಿತು ಮನೆಗೆ ಆಸರೆಯಾದ ಹಳ್ಳಿಯ ಹುಡುಗರಿಗೆ ಲೆಕ್ಕವಿಲ್ಲ. ಗಳಿಕೆ ಮತ್ತು ಓದಿನ ನಡುವೆ ಒಂದನ್ನೇ ಆರಿಸಿಕೊಳ್ಳಬೇಕಾದ ಕುಟುಂಬಗಳಿಗೆ ಇಂಥ ಸಂಸ್ಥೆಯ ಬೆಲೆ ಏನೆಂಬುದು ವೆಂಕಟಲಕ್ಷ್ಮಮ್ಮನವರ ಮಗನಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

1951ರಲ್ಲಿ ವಿಶ್ವೇಶ್ವರಯ್ಯನವರು ಇಂಗ್ಲಿಷಿನಲ್ಲಿ ತಮ್ಮ ಸ್ಮೃತಿಗಳನ್ನು ಪ್ರಕಟಿಸಿದರು. ಪುಸ್ತಕದ ಹೆಸರೇ ಹೇಳುವಂತೆ ಅದು ಅವರ ಕಾರ್ಯಜೀವನದ ಸ್ಮೃತಿ. ಅಣೆಕಟ್ಟೆ, ಕಾರ್ಖಾನೆ, ಆಡಳಿತ, ಯೋಜನೆಗಳ ಕಥನ. ಮನೆಯ ಬದುಕಿಗೆ ಅಲ್ಲಿ ಹೆಚ್ಚು ಜಾಗವಿಲ್ಲ. ಅದು ಆ ಪೀಳಿಗೆಯ ಗಂಡಸರ ರೀತಿ. ಭಾವನೆಯನ್ನು ಮಾತಾಗಿಸುವುದು ಅವರಿಗೆ ಬರುತ್ತಿರಲಿಲ್ಲ, ಬಂದರೂ ಸಲ್ಲದು ಎಂಬ ಸಂಕೋಚ. ಹೀಗೆ ಎಷ್ಟೋ ಮಕ್ಕಳ ಕೃತಜ್ಞತೆ ಹೇಳದೆಯೇ ಉಳಿಯಿತು. ಎಷ್ಟೋ ತಾಯಂದಿರು ಅದನ್ನು ಕೇಳದೆಯೇ ಕಣ್ಣುಮುಚ್ಚಿದರು.

1955ರಲ್ಲಿ ಭಾರತರತ್ನ ಬಂದಿತು. 1960ರ ಸೆಪ್ಟೆಂಬರ್ 15ರಂದು, ಅವರು ಜೀವಂತವಾಗಿದ್ದಾಗಲೇ, ಭಾರತ ಸರ್ಕಾರ ಅವರ ಚಿತ್ರವಿರುವ ಅಂಚೆ ಚೀಟಿ ಹೊರತಂದಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರ ಪಾರ್ಥಿವ ಶರೀರ ಮರಳಿದ್ದು ಮುದ್ದೇನಹಳ್ಳಿಗೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್, ಮೈಸೂರುಗಳನ್ನು ಸುತ್ತಿದ ಬದುಕು ತಾಯಿಯ ಅಂಗಳದಿಂದ ಕೂಗಳತೆಯ ದೂರದಲ್ಲಿ ಕೊನೆಗೊಂಡಿತು.

ಇಂದಿನ ಮುದ್ದೇನಹಳ್ಳಿ

ಅವರು ಹುಟ್ಟಿದ ಮನೆಯನ್ನು ದುರಸ್ತಿಗೊಳಿಸಿ ಉಳಿಸಿಕೊಳ್ಳಲಾಗಿದೆ. ಪಕ್ಕದ ಸ್ಮಾರಕ ಸಂಗ್ರಹಾಲಯದಲ್ಲಿ ಪ್ರಶಸ್ತಿಗಳು, ಛಾಯಾಚಿತ್ರಗಳು, ಕನ್ನಡಕ, ಪುಸ್ತಕಗಳು, ಅವರ ವಿಸಿಟಿಂಗ್ ಕಾರ್ಡ್ ಮುದ್ರಿಸಲು ಬಳಸುತ್ತಿದ್ದ ಅಚ್ಚು ಕೂಡ ಇದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮುದ್ದೇನಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದಿದೆ. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಬರುವ ಪ್ರವಾಸಿಗರಲ್ಲಿ ಕೆಲವರು ಇತ್ತ ತಿರುಗಿ ಅರ್ಧ ಗಂಟೆ ಕಳೆದು ಹೋಗುತ್ತಾರೆ.

ಹಾಗೆ ಬರುವವರಲ್ಲಿ ಬಹುಪಾಲು ಮಂದಿಗೆ ಎಲ್ಲೋ ಒಂದು ಮುದ್ದೇನಹಳ್ಳಿಯಿದೆ. ಗೌರಿಬಿದನೂರಿನಲ್ಲಿ, ಚಿಂತಾಮಣಿಯಲ್ಲಿ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಿ, ಹಸುವಿನ ಹಾಲು ಮಾರಿ, ಒಡವೆ ಅಡವಿಟ್ಟು ಮಕ್ಕಳ ಎಂಜಿನಿಯರಿಂಗ್ ಶುಲ್ಕ ಕಟ್ಟಿದ ಮನೆಗಳು ಇಂದಿಗೂ ಇವೆ. ಆ ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆ ನಿಂತಿದ್ದಾರೆ. ತಮ್ಮ ಮಕ್ಕಳ ಶಾಲಾ ಶುಲ್ಕದ ರಸೀದಿ ಕೈಗೆ ಬಂದ ದಿನ ಅವರಲ್ಲಿ ಅನೇಕರಿಗೆ ಹಿಂದಿನದೆಲ್ಲ ಹೊಳೆಯುತ್ತದೆ. ಅಪ್ಪ ಹಬ್ಬಕ್ಕೆ ಹೊಸ ಬಟ್ಟೆ ಕೊಳ್ಳದ್ದು, ಅಮ್ಮ ತನಗೆ ಹಸಿವಿಲ್ಲವೆಂದು ಹೇಳಿ ತಟ್ಟೆ ಸರಿಸಿದ್ದು ಏಕೆಂಬುದು ಆಗ ಅರ್ಥವಾಗುತ್ತದೆ. ವಿಶ್ವೇಶ್ವರಯ್ಯನವರಂತೆ ಒಂದು ವಿಶ್ವವಿದ್ಯಾಲಯ ಕಟ್ಟಿ ಋಣ ತೀರಿಸುವ ಅವಕಾಶ ಎಲ್ಲರಿಗೂ ಇಲ್ಲ. ಆದರೆ ಅವರಿಗೆ ಒದಗದ ಒಂದು ಅನುಕೂಲ ಇಂದಿನವರಿಗಿದೆ. ಸಂಕೋಚ ಬಿಟ್ಟು ಮಾತನಾಡಲು ಈ ಕಾಲ ಅಡ್ಡಿ ಮಾಡುವುದಿಲ್ಲ, ಊರು ಎಷ್ಟೇ ದೂರವಿದ್ದರೂ ದೂರವಾಣಿ ಕೈಯಲ್ಲೇ ಇರುತ್ತದೆ.

ಮುಂದಿನ ಸೆಪ್ಟೆಂಬರ್ 15ರಂದು ಸಮಾಧಿಯ ಮುಂದೆ ಭಾಷಣ ಮಾಡುವವರು ಕನ್ನಂಬಾಡಿಯ ಜತೆಗೆ ವೆಂಕಟಲಕ್ಷ್ಮಮ್ಮನವರ ಹೆಸರನ್ನೂ ಒಮ್ಮೆ ಹೇಳಿದರೆ, ಕೇಳುತ್ತ ಕುಳಿತ ವಿದ್ಯಾರ್ಥಿಗಳಿಗೆ ತಮ್ಮ ಮನೆಯ ನೆನಪು ಬರಬಹುದು.